ಉಪ್ಪಿಲ್ಲದ ಹೊಸತೊಡಕು

ಬಿಸಿಲೆ
ಬುಧವಾರ, 3 ಏಪ್ರಿಲ್ 2024

ಅಖ್ತರಮ್ಮಾ,

ಕಂಡಕ್ಟರ್ ರಂಗಸ್ವಾಮಿ ಕೈಲಿ ಮೊಟ್ಟೆ ಬುಟ್ಟಿ ಕಳಿಸಿದೀನಿ. ಭತ್ತದ ಹೊಟ್ಟು ತುಂಬಿ ಅದರೊಳಗೆ ಮೊಟ್ಟೆ ಹುದುಗಿಸಿದೀನಿ, ಒಡೆದಿರಲ್ಲ. ಒಡೆದಿದ್ರೆ ರಂಗಸ್ವಾಮೀನ ಬಯ್ಯಿ, ನನ್ನ ಬಯ್ಬೇಡ. ಈ ಕಾಲದಲ್ಲೂ ಕಾಗದ ಬರೀತೀರಲ್ಲಮ್ಮ, ಫೋನ್ ಇಲ್ವಾ ಅಂತ ಕೇಳ್ತಾನೆ ಅವನು. ಫೋನೈತೆ ಕಣಪ್ಪ, ಟವರ್ ಇಲ್ಲ, ಗುಡ್ಡ ಹತ್ತಿ ಹಲೋ ಹಲೋ ಅಂತ ಕೂಗೋ ವಯಸ್ಸು ನಂದಲ್ಲ ಅಂದೆ.

ಬರೋ ಮಂಗಳವಾರ ಯುಗಾದಿ, ಬುಧವಾರ ಹೊಸತೊಡಕಿನ ಬಾಡೂಟ. ಹಮೀದಣ್ಣ ಇಲ್ದೆ ಬರೋ ಮೊದಲ್ನೇ ಹೊಸತೊಡಕು ಇದು. ನೆನೆಸ್ಕಂಡ್ರೆ ಕೈ ಕೆಲಸಕ್ಕೆ ಏಳಲ್ಲ. ನಂಗೇ ಹಿಂಗಾದ್ರೆ ಕಟ್ಕಂಡೋಳಿಗೆ ಹೆಂಗಿರ್ಬೇಕು ಅಂತ ಅಂದ್ಕಂಡು ಸುಮ್ನಾಗ್ತೀನಿ.

ನಿಂಗೆ ನೆನಪೈತಾ, ನೀನು ಆಗ ಹೊಸ ಮದುಮಗಳು, ಹಮೀದಣ್ಣನ ಜೊತೇಲಿದ್ದೆ. ಮೆಣಸಿನ ಮೂಟೆ ತುಂಬ್ಕಂಡು ಸಕಲೇಶಪುರಕ್ಕೆ ಹೊರಟಿದ್ದ ಹಮೀದಣ್ಣನ ಜೀಪು ನಮ್ಮನೆ ಮುಂದೇನೇ ಕೆಟ್ಟು ನಿಂತಿತ್ತು. ಅವತ್ತು ಹೊಸತೊಡಕು. ನಮ್ಮ ಯಜಮಾನ್ರು ಒಂದು ಕೈಲಿ ಹುಂಜ, ಒಂದು ಕೈಲಿ ಕತ್ತಿ ಹಿಡ್ಕಂಡು ಅಂಗಳದಲ್ಲಿ ಬೆವರ್ತಾ ನಿಂತಿದ್ರು. ಹಮೀದಣ್ಣ ಗ್ರೀಸ್ ಕೈ ತೊಳ್ಕಂಡು ಬಂದು, ಕೊಡಿ ರಾಮಯ್ಯಣ್ಣ ಅಂತ ಇಸ್ಕಂಡು ಕೆಲಸ ಮುಗಿಸಿಕೊಟ್ರು. ಜೀಪು ರಿಪೇರಿ ಆಗೋ ಹೊತ್ಗೆ ನನ್ನ ಕಡುಬೂ ಬೆಂದಿತ್ತು. ಅವತ್ತು ಒಟ್ಟಿಗೆ ಕೂತು ಉಂಡೋರು ಆಮೇಲೆ ಒಂದು ವರ್ಷವೂ ತಪ್ಪಿಸ್ಲಿಲ್ಲ. ಹೊಸತೊಡಕಿನ ದಿನ ಏನು ಮಾಡ್ತೀವೋ ವರ್ಷವೆಲ್ಲ ಅದೇ ನಡೀತದೆ ಅಂತ ಹಿರೀರು ಹೇಳ್ತಾರಲ್ಲ. ಅದಕ್ಕೇ ನಂಗೆ ಈ ಸಲ ಹೆದ್ರಿಕೆ. ನಾನು ಒಂದು ಕಡೆ, ನೀನು ಒಂದು ಕಡೆ ಉಂಡ್ರೆ ವರ್ಷವೆಲ್ಲ ಹಂಗೇ ಆಗ್ಬುಟ್ರೆ?

ನೀನು ಇದ್ದತ್ ಕೂತಿದೀಯ. ಗಂಡ ಹೋದ್ಮೇಲೆ ನಾಲ್ಕು ತಿಂಗಳು ಚಿಲ್ಲರೆ ಹೊಸ್ತಿಲು ದಾಟಂಗಿಲ್ಲ ಅಂತ ನೀನೇ ಹೇಳಿದ್ದೆ. ಇರ್ಲಿ, ನೀನು ಬರಂಗಿಲ್ದಿದ್ರೆ ಸಾರಂತೂ ಬರಬೌದಲ್ಲ. ಬುಧವಾರ ಮಧ್ಯಾಹ್ನದ ಬಸ್ಸಿಗೆ ಕ್ಯಾರಿಯರ್ ಕಳಿಸ್ತೀನಿ. ಸಂಜೆ ನೀನು ರೋಜಾ ಉಪವಾಸ ಬಿಡೋ ಹೊತ್ಗೆ ಕೈ ಸೇರ್ತದೆ. ಹೊತ್ತು ಬೇರೆಯಾದ್ರೂ ಉಂಡಿದ್ದು ಒಂದೇ ಪಾತ್ರೇದು ಅಂತ ಆಗ್ತದೆ.

ಹುಂಜ ಯಾವುದು ಅಂದ್ಕಂಡೆ? ದೀಪಾವಳೀಲಿ ಬಂದಾಗ ಹಮೀದಣ್ಣ ಕಾಲಿಗೆ ಕೆಂಪು ದಾರ ಕಟ್ಟಿ ಹೋಗಿದ್ರಲ್ಲ, ಅದೇ. ವರ್ಷಾ ವರ್ಷಾ ಮರಿಗಳನ್ನೆಲ್ಲ ಎತ್ತಿ ಎತ್ತಿ ನೋಡಿ ಒಂದಕ್ಕೆ ದಾರ ಕಟ್ಟಿ, ಇದು ಹೊಸತೊಡಕಿಗೆ, ಮಾರಬೇಡಿ ಅಕ್ಕ ಅಂತಿದ್ರು. ಡಿಸೆಂಬರಲ್ಲಿ ಅವರೇ ಹೋಗ್ಬುಟ್ರು, ದಾರ ಹಂಗೇ ಐತೆ. ಗೆದ್ದಲು ಕಿತ್ತು ತಂದು ಹಾಕಿ, ಮನೆ ಭತ್ತದ ನುಚ್ಚು ಹಾಕಿ, ಗಿಡುಗನ ಕಣ್ಣು ತಪ್ಸಿ ಸಾಕಿದೀನಿ. ಕೊಯ್ಯೋಕೆ ಪಕ್ಕದ ಮನೆ ವಸಂತನಿಗೆ ಹೇಳಿದೀನಿ. ನಮ್ಮ ಯಜಮಾನ್ರು ಇವತ್ತಿಗೂ ಬೆವರ್ತಾರೆ.

ಹೊಟ್ಟೆ ತುಂಬ ಉಣ್ಣು. ಸೊರಗ್ಬೇಡ.

ನಿನ್ನ
ಗಂಗಾಮಣಿ

*

ಸಕಲೇಶಪುರ
ಶನಿವಾರ, 13 ಏಪ್ರಿಲ್ 2024

ಗಂಗಕ್ಕನಿಗೆ ಸಲಾಂ.

ಕ್ಯಾರಿಯರ್ ಸರಿಯಾದ ಹೊತ್ತಿಗೆ ಬಂತು. ಮಗ ಅಮ್ಜದ್ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದು ತಂದ. ಮುಚ್ಚಳ ತೆಗೆದರೆ ಮನೆ ತುಂಬ ನಿಮ್ಮ ತೋಟದ ಮೆಣಸಿನ ವಾಸನೆ. ಅವತ್ತೇ ಈ ರಂಜಾನಿನ ಕೊನೆಯ ರೋಜಾ. ಮಾರನೇ ದಿನ ಹಬ್ಬವಾಯಿತು.

ಸಾರು ಬಹಳ ಚೆನ್ನಾಗಿತ್ತು. ಉಪ್ಪು, ಖಾರ ಎಲ್ಲ ಹದವಾಗಿತ್ತು. ನಿಮ್ಮ ಕೈ ರುಚಿಯ ಬಗ್ಗೆ ನಾನು ಹೊಸದಾಗಿ ಏನು ಬರೆಯಲಿ. ಕಡುಬಂತೂ ಒಂದೂ ಉಳಿಸಲಿಲ್ಲ. ಪಕ್ಕದ ಮನೆ ಇಂದ್ರಮ್ಮನಿಗೂ ಸ್ವಲ್ಪ ಸಾರು ಕೊಟ್ಟೆ, ನಾಟಿ ಕೋಳಿ ಅಂದರೆ ಇದು ಅಂದಳು.

ಬರಿ ಪಾತ್ರೆ ಕಳಿಸಬಾರದು ಅಂತ ಕ್ಯಾರಿಯರ್‌ನಲ್ಲಿ ಹಬ್ಬದ ಒಣ ಸೇವಿಗೆ, ಖರ್ಜೂರ ಇಟ್ಟಿದ್ದೇನೆ. ರಾಮಯ್ಯಣ್ಣನಿಗೆ ಸಕ್ಕರೆ ಕಾಯಿಲೆ ಅಂತ ಖರ್ಜೂರ ಬಚ್ಚಿಡಬೇಡಿ, ಎರಡು ಕೊಡಿ. ನಾನು ಕೇಳಿದೆ ಅಂತ ಅವರಿಗೆ ಹೇಳಿ.

ದಾರದ ವಿಷಯ ಓದಿ ಅತ್ತೆ.

ನಿಮ್ಮ
ಅಖ್ತರುನ್ನೀಸಾ

*

ಬಿಸಿಲೆ
ಭಾನುವಾರ, 21 ಏಪ್ರಿಲ್ 2024

ಅಖ್ತರಮ್ಮನಿಗೆ,

ನಿನ್ನ ಕಾಗದ ಬಂತು. ಉಪ್ಪು ಖಾರ ಹದವಾಗಿತ್ತು ಅಂತ ಬರೆದಿದೀಯ. ಸಂತೋಷ.

ಸೇವಿಗೆ, ಖರ್ಜೂರ ತಲುಪ್ತು. ಯಜಮಾನ್ರು ತಿಂದ್ರು.

ಕೋಳಿಗಳು ಮೊಟ್ಟೆ ನಿಲ್ಲಿಸವೆ. ಬುಟ್ಟಿ ಕಾಯಬೇಡ.

ಗಂಗಾಮಣಿ

*

ಸಕಲೇಶಪುರ
ಗುರುವಾರ, 20 ಜೂನ್ 2024

ಗಂಗಕ್ಕನಿಗೆ ಸಲಾಂ.

ನನ್ನ ಇದ್ದತ್ ಮುಗಿದು ತಿಂಗಳ ಮೇಲಾಯಿತು. ಮುಗಿದ ದಿನ ಹೊರಗೆ ಬಂದು ಮೊದಲು ಹೇಮಾವತಿ ಸೇತುವೆಯ ತನಕ ನಡೆದು ಹೋದೆ. ಹೋಗಿ ನಿಂತು ವಾಪಸ್ ಬಂದೆ, ಅಷ್ಟೇ. ಬಿಸಿಲೆ ಬಸ್ಸು ಎದುರಿಗೇ ಹೋಯಿತು. ರಂಗಸ್ವಾಮಿ ಕೈ ಮಾಡಿದ. ಅವನ ಸೀಟಿನ ಪಕ್ಕ ಬುಟ್ಟಿ ಇದೆಯಾ ಅಂತ ನೋಡಿದೆ, ಇರಲಿಲ್ಲ.

ಕೋಳಿಗಳು ಈಗ ಮೊಟ್ಟೆ ಹಾಕುತ್ತಿರಬೇಕಲ್ಲ? ಮೊಟ್ಟೆ ಬೇಕು ಅಂತ ಕೇಳುತ್ತಿಲ್ಲ. ಬುಟ್ಟಿ ಬಂದರೆ ಅದರೊಳಗೆ ನಿಮ್ಮ ಕಾಗದ ಇರುತ್ತದೆ ಅಂತ ಕೇಳಿದೆ.

ನಾನು ಸ್ವಲ್ಪ ಇಳಿದಿದ್ದೇನಂತೆ. ಡಾಕ್ಟರು ಟಾನಿಕ್ ಬರೆದುಕೊಟ್ಟು ಚೆನ್ನಾಗಿ ಊಟ ಮಾಡಿ ಅಂದರು. ಅಮ್ಜದ್ ದಿನಾ ಅಂಗಡಿಯಿಂದ ಫಾರಂ ಕೋಳಿ ತರುತ್ತಾನೆ. ಅದು ಬೇಯುವಾಗ ವಾಸನೆಯೇ ಬರುವುದಿಲ್ಲ, ಗಂಗಕ್ಕ. ಒಲೆಯ ಮೇಲೆ ಏನಿದೆ ಅಂತ ನೆನಪೂ ಇರುವುದಿಲ್ಲ. ತಟ್ಟೆಯಲ್ಲಿ ಅತ್ತಿತ್ತ ಸರಿಸಿ ಎದ್ದುಬಿಡುತ್ತೇನೆ.

ಬಕ್ರೀದ್ ಆಯಿತು. ಇವರಿಲ್ಲದ್ದು ಎಲ್ಲ ಹಬ್ಬದಲ್ಲೂ ಹೊಸದಾಗಿ ಗೊತ್ತಾಗುತ್ತದೆ.

ಎರಡು ಸಾಲು ಬರೆಯಿರಿ.

ನಿಮ್ಮ
ಅಖ್ತರುನ್ನೀಸಾ

*

ಸಕಲೇಶಪುರ
ಸೋಮವಾರ, 2 ಸೆಪ್ಟೆಂಬರ್ 2024

ಗಂಗಕ್ಕ,

ಮಳೆಗೆ ನಿಮ್ಮ ಕಡೆ ರಸ್ತೆ ಜರಿದು ಬಸ್ಸು ನಿಂತಿತ್ತು, ಅದಕ್ಕೇ ಕಾಗದ ಇಲ್ಲ ಅಂತ ಜುಲೈಯಲ್ಲಿ ಸಮಾಧಾನ ಮಾಡಿಕೊಂಡೆ. ಆಗಸ್ಟ್‌ನಲ್ಲಿ ಬಸ್ಸು ಬಂತು, ಕಾಗದ ಬರಲಿಲ್ಲ. ನಿನ್ನೆ ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ರಂಗಸ್ವಾಮಿಯನ್ನು ವಿಚಾರಿಸಿದೆ. ಅವನು ತಲೆ ಕೆರೆದುಕೊಂಡ. ಆಮೇಲೆ ಹೇಳಿದ, ಗಂಗಮ್ಮನ ಕೋಳಿಗಳು ಚೆನ್ನಾಗಿಯೇ ಮೊಟ್ಟೆ ಹಾಕುತ್ತಿವೆ, ಬುಟ್ಟಿ ಹೆತ್ತೂರಿನ ಅಂಗಡಿಗೆ ಹೋಗುತ್ತದೆ ಅಂತ.

ಹಾಗಾದರೆ ಕೋಳಿಗಳಿಗೆ ಏನೂ ಆಗಿಲ್ಲ. ಆಗಿದ್ದು ನಮಗೆ.

ನಾನು ಏನು ಮಾಡಿದೆ, ಗಂಗಕ್ಕ? ಇವರು ಹೋದರು. ಇವರ ಜೊತೆಗೆ ನಿಮ್ಮ ಮನೆಯೂ ಹೋಯಿತು ಅಂದರೆ ನನಗೆ ತಡೆಯುವುದಕ್ಕೆ ಆಗುವುದಿಲ್ಲ. ಬಯ್ಯಿರಿ, ಪರವಾಗಿಲ್ಲ. ಸುಮ್ಮನೆ ಇರಬೇಡಿ.

ಅಖ್ತರುನ್ನೀಸಾ

*

ಬಿಸಿಲೆ
ಮಂಗಳವಾರ, 10 ಸೆಪ್ಟೆಂಬರ್ 2024

ಅಖ್ತರಮ್ಮಾ,

ಬಯ್ಯಿ ಅಂದ್ಯಲ್ಲ, ಬಯ್ತೀನಿ ತಗೋ.

ಆ ಸಾರಿಗೆ ಉಪ್ಪೇ ಇರ್ಲಿಲ್ಲ ಕಣೇ.

ಅವತ್ತು ಒಲೆ ಮುಂದೆ ಕೂತಾಗ ಹಮೀದಣ್ಣನ ನೆನಪಾಗಿ ಕಣ್ಣು ಮಂಜಾಗಿತ್ತು. ಬಸ್ಸಿಗೆ ಹೊತ್ತಾಯ್ತು ಅಂತ ಕುದಿಯೋ ಸಾರನ್ನೇ ಕ್ಯಾರಿಯರಿಗೆ ಬಗ್ಗಿಸಿ ಕಳಿಸ್ದೆ. ಬಸ್ಸು ಹೋದ್ಮೇಲೆ ನಾವು ಉಣ್ಣೋಕೆ ಕೂತ್ರೆ ಯಜಮಾನ್ರು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದ್ರು. ಒಂದು ಹರಳೂ ಉಪ್ಪಿಲ್ಲ. ಹಾಕೋದೇ ಮರ್ತಿದೀನಿ.

ನಂಗೆ ನಗು ಬಂತು. ಅಖ್ತರ್ ಇದನ್ನ ಇಟ್ಕಂಡು ವರ್ಷವೆಲ್ಲ ಆಡಿಕೊಳ್ತಾಳೆ ಅಂದೆ. ಇಷ್ಟು ವರ್ಷ ಅಡಿಗೆ ಮಾಡಿ ಉಪ್ಪು ಮರ್ತ್ಯಲ್ಲ ಗಂಗಕ್ಕ ಅಂತ ಬರೀತಾಳೆ ಅಂದ್ಕಂಡು ಬಸ್ಸಿಗೆ ಕಾಯ್ತಿದ್ದೆ. ನಿನ್ನ ಕಾಗದ ಬಂತು. ಹದವಾಗಿತ್ತಂತೆ. ಇಂದ್ರಮ್ಮನೂ ಬಾಯಿ ಚಪ್ಪರಿಸಿದ್ಲಂತೆ.

ನೀನು ಅದನ್ನ ಬಾಯಿಗೇ ಇಟ್ಟಿಲ್ಲ.

ಯಾಕೆ ಅಂತ ಈ ಮಳೆಗಾಲವೆಲ್ಲ ಯೋಚ್ನೆ ಮಾಡಿದೀನಿ. ಹಮೀದಣ್ಣ ಇದ್ದಾಗ ಅವರ ಮುಖ ನೋಡಿ ನಮ್ಮನೇಲಿ ಉಣ್ತಿದ್ದೆ, ಈಗ ಅವರಿಲ್ಲ, ಇವರ ಮನೆ ಅನ್ನ ನಂಗೇನಕ್ಕೆ ಅಂದ್ಕಂಡ್ಯಾ? ಈಗ ಕಾಲ ಹಿಂಗಾಗ್ಬುಟ್ಟಿದೆ, ಅವರು ಅವರ ಪಾಡಿಗೆ ಇವರು ಇವರ ಪಾಡಿಗೆ ಅಂತ ಊರಲ್ಲಿ ಮಾತಾಡ್ತಾರೆ. ನಾವಿಬ್ರೂ ಹಂಗಲ್ಲ ಅಂದ್ಕಂಡಿದ್ದೆ. ಬೇಡ ಅಂತ ಒಂದು ಮಾತು ಬರೆದಿದ್ರೆ ಅತ್ತು ಸುಮ್ನಾಗ್ತಿದ್ದೆ. ಚೆನ್ನಾಗಿತ್ತು ಅಂತ ಯಾಕೆ ಬರೆದೆ?

ಅವರ ಕೈಲಿ ದಾರ ಕಟ್ಟಿಸ್ಕಂಡಿದ್ದ ಹುಂಜ ಅದು. ನಾನೇನು ಸಂತೇಲಿ ತಂದಿದ್ದಲ್ಲ.

ವರ್ಷದ ಮೊದಲ್ನೇ ಬಾಡೂಟ ಸಪ್ಪೆ ಆಯ್ತು. ವರ್ಷವೂ ಸಪ್ಪೆ ಆಯ್ತು.

ಗಂಗಾಮಣಿ

*

ಸಕಲೇಶಪುರ
ಶನಿವಾರ, 14 ಸೆಪ್ಟೆಂಬರ್ 2024

ಗಂಗಕ್ಕನಿಗೆ ಸಲಾಂ.

ನಿಮ್ಮ ಕಾಗದ ಓದಿ ಮೊದಲು ಇಂದ್ರಮ್ಮನ ಮನೆಗೆ ಹೋದೆ. ಅವತ್ತಿನ ಸಾರಿಗೆ ಉಪ್ಪಿತ್ತಾ ಅಂತ ಕೇಳಿದೆ. ಅವಳು ನಾಲಿಗೆ ಕಚ್ಚಿಕೊಂಡಳು. ಉಪ್ಪಿರಲಿಲ್ಲ, ಆದರೆ ನೀವು ದುಃಖದಲ್ಲಿದ್ದಿರಿ, ಹೇಗೆ ಹೇಳಲಿ ಅಂತ ಮನೆಯಲ್ಲೇ ಹಾಕಿಕೊಂಡು ತಿಂದೆವು ಅಂದಳು. ಅವಳು ನನಗೆ ಸುಳ್ಳು ಹೇಳಿದಳು, ನಾನು ಅದನ್ನೇ ನಿಮಗೆ ಕಳಿಸಿದೆ.

ಹೌದು, ನಾನು ಆ ಸಾರು ತಿನ್ನಲಿಲ್ಲ. ಯಾಕೆ ಅಂತ ಈಗ ನೇರವಾಗಿ ಬರೆಯುತ್ತೇನೆ.

ಆ ಹುಂಜವನ್ನು ವಸಂತ ಕೊಯ್ದಿದ್ದ, ಗಂಗಕ್ಕ. ಬಿಸ್ಮಿಲ್ಲಾ ಹೇಳಿ ನಮ್ಮ ಕ್ರಮದಲ್ಲಿ ಕೊಯ್ಯದ ಕೋಳಿಯನ್ನು ನಾವು ತಿನ್ನುವ ಹಾಗಿಲ್ಲ. ವಿಷಯ ಇಷ್ಟೇ. ವಸಂತನ ಮೇಲೂ ಏನಿಲ್ಲ, ನಿಮ್ಮ ಮನೆಯ ಮೇಲೂ ಏನಿಲ್ಲ.

ಇವರು ವರ್ಷಾ ವರ್ಷಾ ಹೊಸತೊಡಕಿಗೆ ಬೆಳಿಗ್ಗೆಯೇ ಎದ್ದು ಹೊರಡುತ್ತಿದ್ದುದು ಯಾಕೆ ಅಂದುಕೊಂಡಿರಿ? ಮಧ್ಯಾಹ್ನದ ಊಟಕ್ಕೆ ಇಷ್ಟು ಬೇಗ ಯಾಕೆ ಅಂತ ಮದುವೆಯಾದ ಹೊಸದರಲ್ಲಿ ನಾನು ಗೊಣಗುತ್ತಿದ್ದೆ. ಆಗ ಇವರು ಹೇಳಿದ್ದರು: “ನಾನು ಮುಂಚೆ ಹೋಗಿ ಕೊಯ್ದುಕೊಟ್ಟರೆ ಗಂಗಕ್ಕನಿಗೆ ಕೇಳುವ ಕಷ್ಟ ಇಲ್ಲ, ನಮಗೆ ಹೇಳುವ ಕಷ್ಟ ಇಲ್ಲ.” ಅಷ್ಟು ವರ್ಷ ಇಬ್ಬರಿಗೂ ಆ ಕಷ್ಟ ಬರದ ಹಾಗೆ ನೋಡಿಕೊಂಡರು. ಅವರು ಹೋದ ಮೇಲೆ ಅದು ನಮ್ಮ ಮುಂದೆ ಬಂತು. ನಿಮಗೆ ಕೇಳುವುದು ಗೊತ್ತಾಗಲಿಲ್ಲ, ನನಗೆ ಹೇಳುವುದು ಬರಲಿಲ್ಲ.

ಕ್ಯಾರಿಯರ್ ಮುಂದಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಅವರು ದಾರ ಕಟ್ಟಿದ ಹುಂಜ, ನೀವು ಸಾಕಿದ್ದು, ನನಗೋಸ್ಕರ ಬೇಯಿಸಿದ್ದು, ಅದನ್ನು ನಾನು ಬೇಡ ಅನ್ನುವುದು ಹೇಗೆ? ಕಡುಬು ಬೇರೆ ಡಬ್ಬಿಯಲ್ಲಿತ್ತು. ಅದಕ್ಕೆ ಬೆಲ್ಲ ಹಚ್ಚಿಕೊಂಡು ಎಲ್ಲವನ್ನೂ ತಿಂದೆ. ಕಡುಬು ಒಂದೂ ಉಳಿಸಲಿಲ್ಲ ಅಂತ ಬರೆದಿದ್ದೆನಲ್ಲ, ಅದೊಂದು ನಿಜ.

ಇನ್ನು ನಿಮ್ಮ ಮುಖ ನೋಡಿ ಉಣ್ಣುತ್ತಿದ್ದೆನೋ ಇವರ ಮುಖ ನೋಡಿ ಉಣ್ಣುತ್ತಿದ್ದೆನೋ ಅಂತ ಕೇಳಿದಿರಿ. ಆ ಮಾತಿಗೆ ನನಗೆ ಕೋಪ ಬಂದಿದೆ. ಉತ್ತರ ಬರೆಯುವುದಿಲ್ಲ.

ಅಖ್ತರುನ್ನೀಸಾ

*

ಬಿಸಿಲೆ
ಭಾನುವಾರ, 29 ಸೆಪ್ಟೆಂಬರ್ 2024

ಅಖ್ತರ್,

ನಿನ್ನ ಕಾಗದ ಬಂದು ಎರಡು ವಾರ ಆಯ್ತು. ಬರೆಯೋಕೆ ಕೂತಾಗೆಲ್ಲ ನಾಚ್ಕೆ ಆಗಿ ಎದ್ದೋಗ್ತಿದ್ದೆ. ಕೋಪ ಬಂದಿದ್ದು ಸರಿ ಐತೆ. ಆ ಮಾತು ನಾನು ಬರೀಬಾರ್ದಿತ್ತು. ಕೆಟ್ಟ ಬಾಯಿ ನಂದು, ಬರೆಯೋ ಕೈನೂ ಅದೇ ಬುದ್ಧಿ ಕಲ್ತೈತೆ.

ನಿಮ್ಮ ಕ್ರಮ ನಂಗೆ ಗೊತ್ತಿಲ್ದೆ ಇರೋದಲ್ಲ ಕಣೇ. ಹಾನುಬಾಳಲ್ಲಿ ಹುಟ್ಟಿ ಬೆಳೆದೋಳು ನಾನು, ನಮ್ಮ ಅಪ್ಪನ ಮನೆ ಎದ್ರುಗೇ ಸಾಬರ ಕೋಳಿ ಅಂಗಡಿ ಇತ್ತು. ಗೊತ್ತಿದ್ದೂ ತಲೆಗೇ ಬರ್ಲಿಲ್ಲ. ನಮ್ಮ ಯಜಮಾನ್ರಿಗೆ ಧೈರ್ಯ ಇಲ್ಲ ಅಂತ ಹಮೀದಣ್ಣ ಪಾಪ ಕೊಯ್ದುಕೊಡ್ತಾರೆ ಅಂತಲೇ ನಾನು ಅಂದ್ಕಂಡಿದ್ದು. ಇಷ್ಟು ವರ್ಷ ನಮಗೆ ಉಪಕಾರ ಮಾಡ್ತವ್ರೆ ಅಂದ್ಕಂಡು ಅವರಿಗೆ ಮೊದಲ್ನೇ ಲೋಟ ಕಾಫಿ ಕೊಡ್ತಿದ್ದೆ.

ಯಜಮಾನ್ರಿಗೆ ನಿನ್ನ ಕಾಗದ ಓದಿ ಹೇಳ್ದೆ. ಅವರು ಜಾಸ್ತಿ ಮಾತಾಡೋರಲ್ಲ, ನಿಂಗೆ ಗೊತ್ತು. ಎದ್ದು ಕೋಳಿ ಗೂಡಿನ ಹತ್ರ ಹೋಗಿ ನಿಂತ್ಕಂಡ್ರು. ಆಮೇಲೆ ಬಂದು, “ನಾನು ಬೆವರ್ತಿದ್ದಿದ್ದು ಅವನಿಗೆ ಒಳ್ಳೇದೇ ಆಗಿತ್ತು ಬಿಡು” ಅಂದ್ರು.

ಬುಟ್ಟೀಲಿ ಮೊಟ್ಟೆ ಐತೆ. ಮರಕೆಸದ ಎಲೆ ಐತೆ, ಪತ್ರೊಡೆ ಮಾಡು, ಹುಣಸೆಹಣ್ಣು ಜಾಸ್ತಿ ಹಾಕು ಇಲ್ಲಾಂದ್ರೆ ಗಂಟಲು ಕೆರೀತದೆ. ಬುಟ್ಟಿ ಪಕ್ಕ ಪಂಜರದಲ್ಲಿ ಇರೋದು ಕೋಳಿ. ಜೀವಂತ ಐತೆ. ಅಮ್ಜದನಿಗೆ ಹೇಳಿ ಯಾರ ಕೈಲಿ ಕೊಯ್ಸಬೇಕೋ ಕೊಯ್ಸು. ಬೇಯಿಸ್ಕಂಡು ತಿನ್ನು. ನಮ್ಮ ಮೆಣಸೇ ಹಾಕು. ಸೊರಗಿದೀನಿ ಅಂತ ನೀನು ಜೂನಲ್ಲಿ ಬರೆದಿದ್ದೆ. ಆ ಕಾಗದ ಓದಿಯೂ ನಾನು ಕಲ್ಲಿನಂಗೆ ಕೂತಿದ್ದೆ. ಅದೊಂದಕ್ಕೆ ನನ್ನ ಕ್ಷಮ್ಸು.

ಗಂಗಾಮಣಿ

*

ಸಕಲೇಶಪುರ
ಮಂಗಳವಾರ, 5 ನವೆಂಬರ್ 2024

ಗಂಗಕ್ಕನಿಗೆ ಸಲಾಂ.

ಬುಟ್ಟಿಗಳು ಬರುತ್ತಿವೆ, ನಾನು ತಿನ್ನುತ್ತಿದ್ದೇನೆ. ಮೊನ್ನೆ ಡಾಕ್ಟರು ಟಾನಿಕ್ ಚೆನ್ನಾಗಿ ಕೆಲಸ ಮಾಡಿದೆ ಅಂದರು. ಟಾನಿಕ್ ಮುಚ್ಚಳ ಇನ್ನೂ ತೆಗೆದಿಲ್ಲ ಅಂತ ಹೇಳಲಿಲ್ಲ. ಅವರಿಗೂ ಬೇಜಾರಾಗಬಾರದಲ್ಲ. ನೋಡಿ, ನನ್ನ ಸುಳ್ಳು ಹೇಳುವ ಚಟ ಹೋಗಿಲ್ಲ.

ದೀಪಾವಳಿ ಆಯಿತು. ನಿಮ್ಮ ಅಂಗಳದಲ್ಲಿ ಈ ಸಲ ದಾರ ಕಟ್ಟುವವರು ಇರಲಿಲ್ಲ ಅಂತ ಅವತ್ತೆಲ್ಲ ಅನ್ನಿಸುತ್ತಿತ್ತು.

ಒಂದು ಮಾತು ಯೋಚನೆ ಮಾಡಿ ಬರೆಯುತ್ತಿದ್ದೇನೆ. ಬರುವ ಹೊಸತೊಡಕಿಗೆ ನಾನು ಖಂಡಿತ ಬರುತ್ತೇನೆ. ಆದರೆ ನನಗೋಸ್ಕರ ನೀವು ತಲೆ ಕೆಡಿಸಿಕೊಳ್ಳಬೇಡಿ. ವಸಂತ ಕೊಯ್ಯಲಿ, ನೀವು ಸಾರು ಮಾಡಿ, ನೀವು ಉಣ್ಣಿ. ನಾನು ಪಕ್ಕದಲ್ಲೇ ಕೂತು ಕಡುಬು, ಕಾಯಿ ಚಟ್ನಿ ತಿನ್ನುತ್ತೇನೆ. ಅಮ್ಜದ್‌ಗೆ ಕೇಳೋಣ ಅಂದರೆ ಅವನಿಗೆ ಕೋಳಿ ಅಂದರೆ ಅಂಗಡಿಯಲ್ಲಿ ಕವರಿನಲ್ಲಿ ಹಾಕಿ ಕೊಡುವುದು. ನೀವು ಕಳಿಸಿದ ಕೋಳಿ ಪಂಜರದಿಂದ ತಪ್ಪಿಸಿಕೊಂಡಾಗ ತನ್ನ ಪಿಕಪ್ ಗಾಡಿ ಮೇಲೆ ಹತ್ತಿ ನಿಂತಿದ್ದ. ಅವರ ಮಗ ಅಂತ ಯಾರೂ ನಂಬಲಿಕ್ಕಿಲ್ಲ.

ನಿಮ್ಮ
ಅಖ್ತರುನ್ನೀಸಾ

*

ಬಿಸಿಲೆ
ಬುಧವಾರ, 5 ಮಾರ್ಚ್ 2025

ಅಖ್ತರ್,

ಕಾಫಿ ಕೊಯ್ಲು, ಮೆಣಸು ಕೊಯ್ಲು ಅಂತ ಉದ್ದ ಕಾಗದ ಬರೆಯೋಕೆ ಪುರುಸೊತ್ತೇ ಆಗ್ಲಿಲ್ಲ. ಬುಟ್ಟೀಲಿ ಚೀಟಿ ಹಾಕಿದ್ದಷ್ಟೇ. ನಿನ್ನ ಚಟ್ನಿ ಮಾತಿಗೆ ಉತ್ರ ಕೊಡೋದು ಬಾಕಿ ಐತೆ, ಮರ್ತಿಲ್ಲ.

ಆಗಲ್ಲ. ನೀನು ಚಟ್ನಿ ನೆಕ್ಕಂಡು ಕೂರೋದು, ನಾನು ನಿನ್ನ ಪಕ್ಕ ಕೂತು ತೊಡೆ ಮೂಳೆ ಕಡಿಯೋದು, ಅದು ಹೊಸತೊಡಕಲ್ಲ. ವರ್ಷವೆಲ್ಲ ಹಂಗೇ ನಡೆದ್ರೆ? ನೀನು ಉಣ್ಣಂಗಿಲ್ಲ ಅಂದ್ರೆ ನಮ್ಮನೇಲೂ ಬೇಡ. ಅವರೆಕಾಳು ಉಪ್ಸಾರು ಮಾಡ್ತೀನಿ, ಕಡುಬು ಮಾಡ್ತೀನಿ, ಎಲ್ರೂ ಅದನ್ನೇ ಉಣ್ಣೋಣ. ಯಜಮಾನ್ರು ಒಪ್ಪವ್ರೆ. ಮುಖ ಸಪ್ಪಗಾಗಿತ್ತು, ಆದ್ರೂ ಒಪ್ಪವ್ರೆ.

ಕ್ಯಾಲೆಂಡರ್ ನೋಡಿದ್ಯಾ? ಯುಗಾದಿ ಭಾನುವಾರ ಬಂದೈತೆ. ಅವತ್ತು ಸಂಜೆ ನಿಮಗೆ ಚಂದ್ರ ಕಂಡ್ರೆ ಸೋಮವಾರ ನಿಮ್ಮ ಹಬ್ಬ. ನಮಗೂ ಹೊಸತೊಡಕು ಸೋಮವಾರಾನೇ. ಆದ್ರೆ ಸೋಮವಾರ ನಮ್ಮ ಮನೆದೇವ್ರ ವಾರ, ಒಲೆ ಮೇಲೆ ಬಾಡು ಇಡಂಗಿಲ್ಲ. ಅದಕ್ಕೆ ನಾವು ಮಂಗಳವಾರ ಮಾಡ್ತೀವಿ. ನೀನು ಸೋಮವಾರ ನಿನ್ನ ಮನೇಲಿ ಹಬ್ಬ ಮುಗಿಸ್ಕಂಡು ಮಂಗಳವಾರ ಬಾ. ನೋಡು, ನಮಗೂ ಆಗದ ದಿನ ಅಂತ ಒಂದೈತೆ. ನಿನ್ನ ಕ್ರಮ ಕೇಳಿ ನಾನು ಯಾಕೆ ಅಷ್ಟೊಂದು ಗಾಬರಿ ಆದೆ ಅಂತ ಈಗ ಅನ್ನಿಸ್ತದೆ.

ದಾರ ಯಾವುದಕ್ಕೂ ಕಟ್ಟಿಲ್ಲ. ದೀಪಾವಳೀಲಿ ನಾನೇ ಕಟ್ಟೋಣ ಅಂತ ಹುಂಜ ಹಿಡ್ಕಂಡು ಕೂತೆ, ಆಗ್ಲಿಲ್ಲ, ಬುಟ್ಬುಟ್ಟೆ. ಎಲ್ಲಾ ಬರಿಗಾಲಲ್ಲೇ ಓಡಾಡ್ತಾವೆ.

ಉಪ್ಸಾರಿಗೆ ಉಪ್ಪು ಹಾಕ್ತೀನಿ, ಹೆದ್ರಬೇಡ.

ಗಂಗಾಮಣಿ

*

ಸಕಲೇಶಪುರ
ಶನಿವಾರ, 15 ಮಾರ್ಚ್ 2025

ಗಂಗಕ್ಕನಿಗೆ ಸಲಾಂ.

ಉಪ್ಸಾರು ಬೇಡ. ರಾಮಯ್ಯಣ್ಣನ ಸಪ್ಪೆ ಮುಖ ನೋಡಿಕೊಂಡು ನಾನು ಊಟ ಮಾಡಲಾರೆ.

ನಿಮ್ಮ ಕಾಗದ ಬಂದ ಮೇಲೆ ಅಮ್ಜದ್ ಕೈಲಿ ಮಸೀದಿಯ ಹಜ್ರತ್‌ರನ್ನು ಕೇಳಿಸಿದೆ. ಹೆಂಗಸು ಕೊಯ್ದರೆ ಆಗುತ್ತದಾ ಅಂತ. ಆಗುತ್ತದೆ, ಅಲ್ಲಾಹನ ಹೆಸರು ಹೇಳಬೇಕು, ಕತ್ತಿ ಹರಿತ ಇರಬೇಕು, ಕೋಳಿಗೆ ಹಿಂಸೆ ಆಗಬಾರದು ಅಂದರಂತೆ. ಇಷ್ಟು ವರ್ಷ ಮನೆಯಲ್ಲಿ ಇವರಿದ್ದರು ಅಂತ ನಾನು ಕೇಳಿಯೂ ಇರಲಿಲ್ಲ, ಕತ್ತಿ ಹಿಡಿದೂ ಇರಲಿಲ್ಲ.

ನಾನೇ ಕೊಯ್ಯುತ್ತೇನೆ, ಗಂಗಕ್ಕ.

ಇವರ ಕತ್ತಿ ಜೀಪಿನ ಟೂಲ್ ಬಾಕ್ಸಿನಲ್ಲೇ ಇತ್ತು. ಸಾಣೆ ಹಿಡಿಸಿದ್ದೇನೆ. ರಾತ್ರಿ ಅದನ್ನು ನೋಡಿದರೆ ಭಯವಾಗುತ್ತದೆ, ಬೆಳಿಗ್ಗೆ ಧೈರ್ಯ ಬರುತ್ತದೆ. ಅವತ್ತು ನಾನು ಕಣ್ಣು ಮುಚ್ಚಿಕೊಂಡರೆ ನಗಬೇಡಿ. ಅಕಸ್ಮಾತ್ ನನ್ನಿಂದ ಆಗದೇ ಹೋದರೆ ಆಗ ನಿಮ್ಮ ಉಪ್ಸಾರು.

ಮಂಗಳವಾರ ಬೆಳಿಗ್ಗೆಯೇ ಬರುತ್ತೇವೆ. ಅವರು ಬರುತ್ತಿದ್ದ ಹೊತ್ತಿಗೆ. ಮೊದಲ ಲೋಟ ಕಾಫಿ ನನಗೆ.

ನಿಮ್ಮ
ಅಖ್ತರುನ್ನೀಸಾ

*

ಬಿಸಿಲೆ
ಭಾನುವಾರ, 6 ಏಪ್ರಿಲ್ 2025

ಅಖ್ತರ್,

ನೀನು ಹೋಗಿ ಐದು ದಿನಕ್ಕೇ ಕಾಗದ ಬರೀತಿದೀನಿ ಅಂತ ಯಜಮಾನ್ರು ನಗ್ತಾವ್ರೆ. ಅವತ್ತು ನೀನು ಕಣ್ಣು ಮುಚ್ಚಿದ್ದೆ, ಆಮೇಲೆ ಸೆರಗಲ್ಲಿ ಮುಖ ಮುಚ್ಕಂಡೆ. ನಿಂಗೆ ಕಾಣದೆ ಹೋಗಿದ್ದನ್ನ ಬರೀಲೇಬೇಕು.

ಹುಂಜ ಹಿಡ್ಕಂಡಿದ್ದ ನಮ್ಮ ಯಜಮಾನ್ರೂ ಕಣ್ಣು ಮುಚ್ಚಿದ್ರು. ಕೊಯ್ಯೋಳೂ ಕಣ್ಣು ಮುಚ್ಚಿ, ಹಿಡಿಯೋನೂ ಕಣ್ಣು ಮುಚ್ಚಿ, ಅಮ್ಜದ್ ಪಿಕಪ್ ಹಿಂದೆ ಬಗ್ಗಿ ನಿಂತು, ಆ ಹುಂಜ ಒಂದೇ ಧೈರ್ಯವಾಗಿ ಇದ್ದಿದ್ದು. ನೀನು ಕತ್ತಿ ಹತ್ರ ತಂದು ತಂದು ಹಿಂದಕ್ಕೆ ತಗಂಡೆ. ಆಗಲ್ಲ, ಉಪ್ಸಾರೇ ಗತಿ ಅಂದ್ಕಂಡೆ. ಆಮೇಲೆ ನೀನು ಕಣ್ಣು ಬಿಟ್ಟು ಬಿಸ್ಮಿಲ್ಲಾ ಅಂದೆ. ಒಂದೇ ಎಳೆತಕ್ಕೆ ಮುಗಿಸ್ದೆ. ನಿನ್ನ ಬಾಯಲ್ಲಿ ಆ ಮಾತು ಕೇಳಿದ್ದೇ ನಮ್ಮ ಯಜಮಾನ್ರು ತಿರುಗಿ ಹಮೀದಣ್ಣನ ಜೀಪು ನಿಲ್ತಿದ್ದ ಜಾಗ ನೋಡಿದ್ರು. ಅಭ್ಯಾಸ ನೋಡು. ನಾನೂ ಅತ್ತಲೇ ನೋಡ್ದೆ.

ಸಾರಿಗೆ ಉಪ್ಪು ಹಾಕಿದ್ದು ನಾನು. ಮರೆತಿರ್ತಾಳೆ ಅಂತ ನನ್ನ ಕಣ್ಣು ತಪ್ಪಿಸಿ ಇನ್ನೊಂದು ಸಲ ಹಾಕಿದ್ದು ನೀನು. ಒಪ್ಕೋ. ಅಷ್ಟು ಉಪ್ಪಾಗಿದ್ರೂ ನೀನು ಸಾರನ್ನ ಎರಡು ಸಲ ಬಡಿಸ್ಕಂಡೆ, ಮೂಳೆ ಬಿಡದಂಗೆ ತಿಂದೆ. ಯಜಮಾನ್ರು ಸಂಜೆ ತನಕ ನೀರು ಕುಡೀತಿದ್ರು. ವರ್ಷವೆಲ್ಲ ಹಿಂಗೇ ನಡೀಲಿ, ನಂಗೇನೂ ಬೇಜಾರಿಲ್ಲ.

ಇನ್ನೊಂದು ವಿಷ್ಯ. ಹೊರಡೋ ಮುಂಚೆ ಸಂಜೆ ಮೊಬ್ಬಲ್ಲಿ ನೀನು ಕೈ ತೊಳೆಯೋ ನೆಪ ಹೇಳಿ ಕೋಳಿ ಗೂಡಿನ ಹತ್ರ ಹೋಗಿದ್ಯಲ್ಲ. ಯಾರಿಗೂ ಗೊತ್ತಾಗಿಲ್ಲ ಅಂದ್ಕಂಡಿದೀಯ. ಮಾರನೇ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ್ರೆ ಒಂದರ ಕಾಲಲ್ಲಿ ಕೆಂಪು ದಾರ. ಕಿರುಬೆರಳು ಹೋಗೋಷ್ಟು ಸಡಿಲ ಬಿಟ್ಟಿದೀಯ, ಕಾಲು ಬೆಳೆದ್ರೂ ಬಿಗಿ ಆಗದಂಗೆ ಅವರು ಕಟ್ತಿದ್ದ ಥರಾನೇ. ಅಂಗಳದಲ್ಲೇ ಕೂತು ಅತ್ತೆ ಕಣೇ.

ಆದ್ರೆ ನೀನು ಪೇಟೆ ಹೆಂಗಸು. ಕತ್ತಲಲ್ಲಿ ಕೈಗೆ ಸಿಕ್ಕಿದ್ದಕ್ಕೆ ಕಟ್ಬುಟ್ಟಿದೀಯ. ಅದು ಹುಂಜ ಅಲ್ಲ, ಹೇಂಟೆ. ಹೊಸ ಹೇಂಟೆ, ಈಗ ಮೊಟ್ಟೆಗೆ ಬಂದೈತೆ. ಮೊಟ್ಟೆಗೆ ಬಂದಿದ್ದನ್ನ ನಮ್ಮನೇಲಿ ಕೊಯ್ಯಲ್ಲ. ದಾರ ಬಿಚ್ಚಿ ಒಂದು ಹುಂಜಕ್ಕೆ ಕಟ್ಟು, ಅವಳಿಗೆ ಹೇಳೋದು ಬೇಡ ಅಂದ್ರು ಯಜಮಾನ್ರು. ಹೇಳದೆ ಬಚ್ಚಿಟ್ಟು ಒಂದು ವರ್ಷ ಕಳಕಂಡಿದ್ದು ಸಾಕು ಅಂದೆ. ದಾರ ಬಿಚ್ಚಿಲ್ಲ. ಇದನ್ನ ಮಾರಲ್ಲ, ಕೊಯ್ಯಲ್ಲ. ಇಲ್ಲೇ ಇರ್ತದೆ. ಹುಂಜಕ್ಕೆ ಕಟ್ಟೋಕೆ ದೀಪಾವಳೀಲಿ ನೀನೇ ಬಾ, ಹಗಲು ಹೊತ್ತಲ್ಲಿ.

ಬುಟ್ಟೀಲಿ ಎಲ್ಲಾದಕ್ಕೂ ಮೇಲೆ ಒಂದು ಸಣ್ಣ ಮೊಟ್ಟೆ ಐತೆ ನೋಡು. ಅದು ಇದರದ್ದೇ, ಇವತ್ತು ಬೆಳಿಗ್ಗೆ ಹಾಕಿದ ಮೊದಲ್ನೇ ಮೊಟ್ಟೆ. ಅಮ್ಜದನಿಗೂ ಕೊಡ್ಬೇಡ, ಇಂದ್ರಮ್ಮನಿಗೂ ಕೊಡ್ಬೇಡ. ಬೇಯಿಸಿ, ಉಪ್ಪು ಹಾಕ್ಕಂಡು ನೀನೇ ತಿನ್ನು.

ನಿನ್ನ
ಗಂಗಾಮಣಿ